ಸಡಿಲ ಜೀನ್ಸ್‌ನ ಸೊಂಟವನ್ನು ಮನೆಯಲ್ಲೇ ಸರಿಪಡಿಸುವುದು ಹೇಗೆ?

ಪ್ರಶ್ನೆ: ನನ್ನ ಎರಡು ಜೀನ್ಸ್ ಪ್ಯಾಂಟುಗಳು ತೊಡೆ ಮತ್ತು ಸೀಟಿನ ಭಾಗದಲ್ಲಿ ಸರಿಯಾಗಿ ಕೂರುತ್ತವೆ. ಆದರೆ ಸೊಂಟದ ಹಿಂಬದಿಯಲ್ಲಿ ಅಂಗೈ ತೂರುವಷ್ಟು ಸಡಿಲವಿದೆ. ಬೆಲ್ಟ್ ಬಿಗಿದರೆ ಬಟ್ಟೆ ನೆರಿಗೆಗಟ್ಟಿ ಉಬ್ಬಿಕೊಳ್ಳುತ್ತದೆ. ಮನೆಯಲ್ಲಿ ಸಾಮಾನ್ಯ ಹೊಲಿಗೆ ಯಂತ್ರವಿದ್ದು, ಸಣ್ಣಪುಟ್ಟ ರಿಪೇರಿ ಮಾಡಿ ಅಭ್ಯಾಸವಿದೆ. ಇದನ್ನು ನಾನೇ ಆಲ್ಟರ್ ಮಾಡಬಹುದೇ?

ಉತ್ತರ: ಖಂಡಿತವಾಗಿಯೂ ಮಾಡಬಹುದು. ನಿಮ್ಮ ತೊಂದರೆಗೆ ಪ್ಯಾಂಟಿನ ಅಳತೆಗಿಂತ ಅದನ್ನು ಕತ್ತರಿಸಿದ ಬಗೆಯೇ ಹೆಚ್ಚು ಕಾರಣವಿರಬೇಕು. ನಮ್ಮ ದೇಹ ಸೀಟಿನಿಂದ ಸೊಂಟಕ್ಕೆ ಬರುವಾಗ ಒಳಕ್ಕೆ ಬಾಗುತ್ತದೆ. ಬಹಳಷ್ಟು ಸಿದ್ಧ ಜೀನ್ಸ್‌ಗಳಲ್ಲಿ ಸೊಂಟಪಟ್ಟಿಯನ್ನು ಮಾತ್ರ ಒಂದೇ ನೇರ ಪಟ್ಟಿಯಾಗಿ ಕತ್ತರಿಸಿರುತ್ತಾರೆ. ಹೀಗಾಗಿ ಅದು ಮೈಗೆ ಒರಗದೆ ಬೆನ್ನಿನ ಕೆಳಗೆ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಬಟ್ಟೆ ಹೆಚ್ಚಾಗಿರುವುದು ಹಿಂದೆ ಎಂದ ಮೇಲೆ ಅದನ್ನು ತೆಗೆಯಬೇಕಾದದ್ದೂ ಹಿಂದಿನಿಂದಲೇ. ಪಕ್ಕದ ಹೊಲಿಗೆಗಳನ್ನು ಒಳಕ್ಕೆ ತಂದರಾಯಿತು ಎಂದು ಹಲವರು ಹೊರಡುತ್ತಾರೆ, ಆದರೆ ಅಲ್ಲಿ ಮುಂದಿನ ಜೇಬಿನ ಬಾಯಿ ಮತ್ತು ಲೋಹದ ರಿವೆಟ್ಟುಗಳು ಅಡ್ಡ ಬರುತ್ತವೆ, ಜೇಬು ಸೊಟ್ಟಗಾಗುತ್ತದೆ. ಆ ದಾರಿ ಬೇಡ.

ಮೊದಲು ಪ್ಯಾಂಟನ್ನು ನೀವು ಸಾಮಾನ್ಯವಾಗಿ ಒಗೆಯುವ ರೀತಿಯಲ್ಲೇ ಒಗೆದು, ಒಣಗಿಸಿ, ಒಂದೆರಡು ಗಂಟೆ ಧರಿಸಿಕೊಂಡು ಓಡಾಡಿ. ಆಗಷ್ಟೇ ಒಗೆದ ಡೆನಿಮ್ ಸ್ವಲ್ಪ ಬಿಗಿಯಾಗಿದ್ದು ಮೈಯ ಬಿಸಿಗೂ ಚಲನೆಗೂ ಹಿಗ್ಗುತ್ತದೆ. ಹಿಗ್ಗುವ ಎಲಾಸ್ಟೇನ್ ನೂಲು ಸೇರಿದ ಬಟ್ಟೆಯಲ್ಲಂತೂ ಬೆಳಗಿನ ಅಳತೆಯೇ ಬೇರೆ, ಸಂಜೆಯ ಅಳತೆಯೇ ಬೇರೆ. ಬಳಿಕ ಹಿಂಬದಿಯ ನಡುವೆ ಹೆಚ್ಚುವರಿ ಬಟ್ಟೆಯನ್ನು ಇನ್ನೊಬ್ಬರಿಂದ ಚಿವುಟಿ ಹಿಡಿಸಿ ಗುಂಡುಸೂಜಿ ಚುಚ್ಚಿಸಿಕೊಳ್ಳಿ, ಹಾಗೆಯೇ ಎಚ್ಚರಿಕೆಯಿಂದ ಕುರ್ಚಿಯಲ್ಲಿ ಕುಳಿತು ನೋಡಿ. ನಿಂತಾಗ ಹಿತವೆನಿಸಿದ ಬಿಗಿ ಕುಳಿತಾಗ ಹೊಟ್ಟೆಯನ್ನು ಒತ್ತುವುದುಂಟು. ಚಿವುಟಿದ ಮಡಿಕೆಯ ತುದಿಯಿಂದ ಸೂಜಿಯವರೆಗೆ 2 ಸೆಂ.ಮೀ. ಇದ್ದರೆ ಸೊಂಟದಿಂದ ಹೋಗುವುದು 4 ಸೆಂ.ಮೀ. ಎಂಬುದನ್ನು ಮರೆಯಬೇಡಿ, ಏಕೆಂದರೆ ಮಡಿಕೆಯಲ್ಲಿ ಬಟ್ಟೆ ಎರಡು ಪದರವಿರುತ್ತದೆ. ಈ ಲೆಕ್ಕ ತಪ್ಪಿ ಪ್ಯಾಂಟು ಗುಂಡಿಯೇ ಹಾಕಲಾಗದಷ್ಟು ಬಿಗಿಯಾದ ಉದಾಹರಣೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಟ್ಟು 4ರಿಂದ 5 ಸೆಂ.ಮೀ.ವರೆಗೆ ಹಿಂಬದಿಯ ನಡುವಿನಿಂದ ಧಾರಾಳವಾಗಿ ತೆಗೆಯಬಹುದು. ಅದಕ್ಕಿಂತ ಹೆಚ್ಚಾದರೆ ಹಿಂದಿನ ಎರಡು ಜೇಬುಗಳು ಒಂದನ್ನೊಂದು ಮುಟ್ಟುವಂತೆ ಹತ್ತಿರ ಬರುತ್ತವೆ, ಪಕ್ಕದ ಹೊಲಿಗೆಗಳೂ ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಹೊಲಿಗೆ ಬಿಚ್ಚುವ ಮುನ್ನ ಆ ಭಾಗದ ಒಳಗೂ ಹೊರಗೂ ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಪದರ ಯಾವುದರ ಮೇಲಿತ್ತು ಎಂಬುದು ಬಿಚ್ಚಿದ ಮೇಲೆ ನೆನಪಿರುವುದಿಲ್ಲ. ನಡುವಿನ ಬೆಲ್ಟ್ ಲೂಪನ್ನು ಬಿಡಿಸಿ, ಸೊಂಟಪಟ್ಟಿಯ ಕೆಳಗಿನ ಮತ್ತು ಮೇಲಿನ ಹೊಲಿಗೆಗಳನ್ನು ನಡುವಿನಿಂದ ಎರಡೂ ಕಡೆಗೆ 7 ಸೆಂ.ಮೀ.ನಷ್ಟು ಬಿಚ್ಚಬೇಕು. ಇಲ್ಲೊಂದು ಅಪಾಯವಿದೆ. ಅನೇಕ ಜೀನ್ಸ್‌ಗಳ ಸೊಂಟಪಟ್ಟಿಗೆ ಸರಪಳಿ ಹೊಲಿಗೆ ಹಾಕಿರುತ್ತಾರೆ, ಒಳಗಡೆ ನೋಡಿದರೆ ಕೊಂಡಿಗಳು ಒಂದರೊಳಗೊಂದು ಸಿಕ್ಕಿಕೊಂಡಂತೆ ಕಾಣುತ್ತದೆ. ಅದರ ತುದಿ ಹಿಡಿದು ಜಗ್ಗಿದರೆ ನಿಮಗೆ ಬೇಕಾದಷ್ಟಲ್ಲ, ಇಡೀ ಸೊಂಟದ ಹೊಲಿಗೆಯೇ ಸರ್ರನೆ ಬಿಚ್ಚಿಕೊಂಡು ಬರಬಹುದು. ಆದ್ದರಿಂದ ಮೂರು ನಾಲ್ಕು ಹೊಲಿಗೆಗಳಿಗೊಮ್ಮೆ ದಾರವನ್ನು ಕತ್ತರಿಸುತ್ತಾ ಹೋಗಿ, ನಿಲ್ಲಿಸಿದ ಕಡೆ ತುದಿಗಳನ್ನು ಗಂಟು ಹಾಕಿ ಭದ್ರಪಡಿಸಿ. ಸೊಂಟಪಟ್ಟಿಯ ಹಿಂಬದಿಗೆ ಕಂಪನಿಯ ಹೆಸರಿನ ಚರ್ಮದ ಪಟ್ಟಿ ಅಂಟಿಕೊಂಡಿದ್ದರೆ ನಡುವಿನ ಕಡೆಯ ಅದರ ಅಂಚನ್ನಷ್ಟೇ ಬಿಡಿಸಿ, ಕೊನೆಯಲ್ಲಿ ಹಳೆಯ ತೂತುಗಳಲ್ಲೇ ಕೈಯಿಂದ ಹೊಲಿಯಿರಿ. ಚರ್ಮಕ್ಕೆ ಹೊಸ ತೂತು ಬಿದ್ದರೆ ಅದು ಮುಚ್ಚಿಕೊಳ್ಳುವುದಿಲ್ಲ.

ಈಗ ಸೀಟಿನ ನಡು ಹೊಲಿಗೆಗೆ ಬರೋಣ. ಅಂಚುಗಳು ಒಂದರೊಳಗೊಂದು ಮಡಚಿಕೊಂಡು, ಮೇಲೆ ಎರಡು ಸಾಲು ಹೊಲಿಗೆ ಬಿದ್ದಿರುವ ಈ ಜೋಡಣೆಯನ್ನು ಮೇಲಿನಿಂದ 12ರಿಂದ 15 ಸೆಂ.ಮೀ.ವರೆಗೆ ಬಿಚ್ಚಿ, ಒಳಭಾಗವನ್ನು ಹೊರಗೆ ಮಾಡಿ ಇಸ್ತ್ರಿ ಹಾಕಿ ಚಪ್ಪಟೆಗೊಳಿಸಿ. ಪ್ರತಿ ಬದಿಯಲ್ಲೂ ಹಳೆಯ ಹೊಲಿಗೆಯ ಗುರುತಿನಿಂದ ಒಳಕ್ಕೆ, ಮೇಲ್ತುದಿಯಲ್ಲಿ ಚಿವುಟಿದಾಗ ಸಿಕ್ಕ ಅಳತೆಯನ್ನು (ನಮ್ಮ ಉದಾಹರಣೆಯಲ್ಲಿ 2 ಸೆಂ.ಮೀ.) ಚಾಕ್‌ನಿಂದ ಗುರುತಿಸಿ, ಅಲ್ಲಿಂದ ಕೆಳಕ್ಕೆ ನಿಧಾನವಾಗಿ ಕಿರಿದಾಗುತ್ತಾ ಬಿಚ್ಚಿದ ಹೊಲಿಗೆಯ ತುದಿಯಲ್ಲಿ ಹಳೆಯ ಗೆರೆಗೇ ಸೇರಿಕೊಳ್ಳುವ ರೇಖೆಯನ್ನು ಎಳೆಯಿರಿ. ನನ್ನ ಮಟ್ಟಿಗೆ ಇಡೀ ಕೆಲಸದ ಅಂದಚೆಂದ ನಿಂತಿರುವುದು ಈ ಒಂದು ರೇಖೆಯ ಮೇಲೆ: ಅದು ಅವಸರದಲ್ಲಿ ಅರ್ಧಕ್ಕೇ ಮುಗಿದರೆ ಸೀಟಿನ ಮೇಲೆ ಚೀಲದಂತಹ ಉಬ್ಬು ಮೂಡುತ್ತದೆ, ಆ ಉಬ್ಬು ಯಾವ ಇಸ್ತ್ರಿಗೂ ಬಗ್ಗುವುದಿಲ್ಲ. ಸೊಂಟಪಟ್ಟಿಯ ಕೆಳಗಿನ ಯೋಕ್ ತುಂಡಿನ ಹೊಲಿಗೆಗಳು ಎರಡು ಕಡೆಯಿಂದ ಬಂದು ನಡುವೆ ಒಂದೇ ಎತ್ತರದಲ್ಲಿ ಸೇರುತ್ತಿವೆಯೇ ಎಂದು ನೋಡಿ, ಅಲ್ಲೊಂದು ಗುಂಡುಸೂಜಿ ಚುಚ್ಚಿ. ನಂತರ ಉದ್ದನೆಯ ಕಚ್ಚಾ ಹೊಲಿಗೆ ಹಾಕಿಕೊಂಡು ಪ್ಯಾಂಟನ್ನು ಧರಿಸಿ, ನಡೆದು, ಕುಳಿತು, ಬಗ್ಗಿ ಪರೀಕ್ಷಿಸಿ. ಇಲ್ಲಿಯವರೆಗೆ ಕತ್ತರಿ ಬಟ್ಟೆಗೆ ತಾಗಿಲ್ಲವಾದ್ದರಿಂದ ಏನು ತಪ್ಪಿದ್ದರೂ ತಿದ್ದಬಹುದು.

ಸರಿ ಎನಿಸಿದ ಮೇಲೆ ಗುರುತಿನ ಮೇಲೆ ಯಂತ್ರದ ಹೊಲಿಗೆ ಹಾಕಿ. ಒಳಗೆ ಉಳಿದ ಅಂಚುಗಳಲ್ಲಿ ಕೆಳಪದರವನ್ನು ಸ್ವಲ್ಪ ಕಿರಿದಾಗಿ ಕತ್ತರಿಸಿ, ಎರಡನ್ನೂ ಮೊದಲಿದ್ದ ಬದಿಗೇ ಮಡಚಿ ಇಸ್ತ್ರಿ ಮಾಡಿ, ಹೊರಗಿನಿಂದ ಎರಡು ಸಾಲು ಹೊಲಿಗೆ ಹಾಕಿದರೆ ಹಳೆಯ ರೂಪ ಮರಳುತ್ತದೆ. ಮುಂದೆ ಮೈ ತುಂಬಿಕೊಳ್ಳಬಹುದು ಎಂಬ ಅನುಮಾನವಿದ್ದರೆ ಅಂಚನ್ನು ಕತ್ತರಿಸದೆ ಹಾಗೆಯೇ ಬಿಡಿ. ಸ್ವಲ್ಪ ದಪ್ಪವೆನಿಸಿದರೂ ಮತ್ತೆ ಬಿಚ್ಚಿ ಸಡಿಲಿಸುವ ಅವಕಾಶ ಉಳಿಯುತ್ತದೆ.

ಸೊಂಟಪಟ್ಟಿಯನ್ನು ಮೊದಲು ಕತ್ತರಿಸಿ ಆಮೇಲೆ ಹೊಲಿಯುವ ಬದಲು, ಮೊದಲು ಹೊಲಿದು ಆಮೇಲೆ ಕತ್ತರಿಸುವುದು ಸುರಕ್ಷಿತ. ಪಟ್ಟಿಯ ಮಡಿಕೆಯನ್ನು ಬಿಡಿಸಿ ಅಗಲಿಸಿ, ಮುಖಕ್ಕೆ ಮುಖ ಬರುವಂತೆ ನಡುವಿನಲ್ಲಿ ಮಡಚಿ, ಮಡಿಕೆಯಿಂದ ಅದೇ 2 ಸೆಂ.ಮೀ. ದೂರದಲ್ಲಿ ಅಡ್ಡಲಾಗಿ ಹೊಲಿಯಿರಿ. ಪಟ್ಟಿಯ ಮೇಲಂಚು ಬರುವ ಜಾಗದಲ್ಲಿ ಮಾತ್ರ ಈ ಹೊಲಿಗೆಯನ್ನು 2 ಮಿ.ಮೀ.ನಷ್ಟು ಹೆಚ್ಚು ಒಳಕ್ಕೆ ತಂದರೆ, ನೇರ ಪಟ್ಟಿಗೆ ಅಷ್ಟರಮಟ್ಟಿಗೆ ಬಾಗು ಬಂದು ಮೈಗೆ ಇನ್ನೂ ಚೆನ್ನಾಗಿ ಒರಗುತ್ತದೆ. ಬಳಿಕ ಮಡಿಕೆಯನ್ನು ಕತ್ತರಿಸಿ, ಅಂಚುಗಳನ್ನು 1 ಸೆಂ.ಮೀ.ಗೆ ಇಳಿಸಿ, ಎರಡು ಬದಿಗೆ ಬಿಡಿಸಿ ಇಸ್ತ್ರಿ ಮಾಡಿ. ಪಟ್ಟಿಯನ್ನು ಮೊದಲಿನಂತೆ ಮಡಚಿ ಪ್ಯಾಂಟಿನ ಅಂಚನ್ನು ಅದರೊಳಗೆ ಸೇರಿಸಿ ಹೊಲಿದು, ಲೂಪನ್ನು ಜೋಡಣೆಯ ಮೇಲೆಯೇ ಕೂರಿಸಿದರೆ ಹೊಸ ಹೊಲಿಗೆ ಅದರ ಹಿಂದೆ ಅಡಗಿಬಿಡುತ್ತದೆ.

ನಿಮ್ಮ ಸಾಮಾನ್ಯ ಯಂತ್ರ ಇದಕ್ಕೆ ಸಾಕು, ಸೂಜಿ ಮಾತ್ರ ಬದಲಾಗಬೇಕು. ಡೆನಿಮ್‌ಗೆಂದೇ ಸಿಗುವ 100/16 ಸೂಜಿ ಹಾಕಿ. ಬಟ್ಟೆ ಬಹಳ ದಪ್ಪವಿದ್ದರೆ 110/18. ಮೇಲೆ ದಪ್ಪ ದಾರ, ಬಾಬಿನ್‌ನಲ್ಲಿ ಸಾಮಾನ್ಯ ದಾರ, ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಇರಲಿ. ಹಲವು ಪದರಗಳು ಸೇರುವ ಗಡ್ಡೆಯಂತಹ ಜಾಗದಲ್ಲಿ ಪೆಡಲ್ ತುಳಿಯದೆ ಚಕ್ರವನ್ನು ಕೈಯಿಂದ ತಿರುಗಿಸಿ. ಅದಕ್ಕೂ ಮುನ್ನ ಆ ಗಡ್ಡೆಯ ಮೇಲೆ ಬಟ್ಟೆ ಹಾಸಿ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟರೆ ಅದು ಮೆತ್ತಗಾಗುತ್ತದೆ, ಸೂಜಿಯೂ ಮುರಿಯುವುದಿಲ್ಲ. ಯಂತ್ರದ ಪಾದ ಹತ್ತುವಾಗ ವಾಲುತ್ತಿದ್ದರೆ ಅದರ ಹಿಂಭಾಗದ ಕೆಳಗೆ ಮಡಚಿದ ಡೆನಿಮ್ ಚೂರೊಂದನ್ನು ಇಟ್ಟು ಸಮ ಮಾಡಿ.

ಪ್ರಶ್ನೆ: ನಾನು ತೂಕ ಇಳಿಸುತ್ತಿದ್ದೇನೆ, ಇನ್ನೂ ಇಳಿಯಬಹುದು. ಹೊಲಿಗೆ ಯಂತ್ರವೂ ಇಲ್ಲ. ಪ್ಯಾಂಟನ್ನು ಕತ್ತರಿಸದೆ ಸದ್ಯಕ್ಕೆ ಬಿಗಿ ಮಾಡುವ ಉಪಾಯವಿದೆಯೇ?

ಉತ್ತರ: ನಿಮಗೆ ಎಲಾಸ್ಟಿಕ್ ಸೂಕ್ತ. ಇದನ್ನು ಮಕ್ಕಳ ಬಟ್ಟೆಯ ಉಪಾಯವೆಂದು ದೊಡ್ಡವರು ಕಡೆಗಣಿಸುತ್ತಾರೆ, ಆದರೆ ಮೈಯ ಅಳತೆ ಬದಲಾಗುತ್ತಿರುವಾಗ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಸೊಂಟಪಟ್ಟಿಯ ಒಳಪದರದಲ್ಲಿ ಮಾತ್ರ, ಎರಡು ಪಕ್ಕದ ಹೊಲಿಗೆಗಳಿಂದ ಸ್ವಲ್ಪ ಹಿಂದಕ್ಕೆ, 2.5 ಸೆಂ.ಮೀ. ಅಗಲದ ಎಲಾಸ್ಟಿಕ್ ತೂರುವಷ್ಟು ಉದ್ದದ ನೆಟ್ಟಗಿನ ಸೀಳುಗಳನ್ನು ಮಾಡಿ, ಅಂಚು ಎಳೆ ಬಿಡದಂತೆ ಕಾಜಾ ಹೊಲಿಗೆ ಹಾಕಿ. ಎರಡು ಸೀಳುಗಳ ನಡುವೆ 40 ಸೆಂ.ಮೀ. ಇದ್ದು ಸೊಂಟ 5 ಸೆಂ.ಮೀ. ಕಡಿಮೆಯಾಗಬೇಕಿದ್ದರೆ, 35 ಸೆಂ.ಮೀ. ಜೊತೆಗೆ ಎರಡು ತುದಿಗೂ ಹೊಲಿಯಲು 2 ಸೆಂ.ಮೀ. ಸೇರಿಸಿ ಒಟ್ಟು 39 ಸೆಂ.ಮೀ. ಎಲಾಸ್ಟಿಕ್ ಕತ್ತರಿಸಿ. ತುದಿಗೆ ಸೇಫ್ಟಿ ಪಿನ್ ಸಿಕ್ಕಿಸಿ ಒಂದು ಸೀಳಿನಿಂದ ಇನ್ನೊಂದಕ್ಕೆ ತೂರಿಸಿ, ಎರಡು ಕಡೆಯೂ ಕೈಯಿಂದ ಬ್ಯಾಕ್ ಸ್ಟಿಚ್ (ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಬಂದು ಹಾಕುವ ಗಟ್ಟಿ ಹೊಲಿಗೆ) ಹಾಕಿ. ಕೆಲವು ಪ್ಯಾಂಟುಗಳಲ್ಲಿ ಚರ್ಮದ ಪಟ್ಟಿಯ ಹೊಲಿಗೆ ಎರಡೂ ಪದರಗಳನ್ನು ದಾಟಿ ಹೋಗಿ ದಾರಿಯನ್ನು ಮುಚ್ಚಿರುತ್ತದೆ. ಸೀಳಿದೊಡನೆ ಒಂದು ಸಣ್ಣ ಸ್ಕೇಲನ್ನು ಒಳಗೆ ತೂರಿಸಿ ಪರೀಕ್ಷಿಸಿ, ತಡೆದರೆ ಆ ಪಟ್ಟಿಯನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಸಾಲಾಗಿ ಕಾಜಾಗಳಿರುವ ಎಲಾಸ್ಟಿಕ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ತುದಿಗಳನ್ನು ಹೊಲಿಯದೆ, ಸೀಳಿನ ಪಕ್ಕದಲ್ಲಿ ಹಚ್ಚಿದ ಚಪ್ಪಟೆ ಗುಂಡಿಗೆ ಸಿಕ್ಕಿಸಿ, ತೂಕ ಇಳಿದಂತೆ ಮುಂದಿನ ಕಾಜಾಕ್ಕೆ ಸರಿಸುತ್ತಾ ಹೋಗಬಹುದು.

ಪ್ರಶ್ನೆ: ಜೀನ್ಸನ್ನು ಕುದಿಯುವ ನೀರಿನಲ್ಲಿ ನೆನೆಸಿದರೆ ಸೊಂಟ ಕುಗ್ಗುತ್ತದೆ ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ಕುಗ್ಗುವುದು ನಿಜ, ಉಳಿಯುವುದಿಲ್ಲ. ನೇಯುವಾಗ ಬಿಗಿದಿದ್ದ ಹತ್ತಿ ನೂಲು ಬಿಸಿ ನೀರಿನಲ್ಲಿ ಸಡಿಲಗೊಂಡು ತನ್ನ ಸಹಜ ಉದ್ದಕ್ಕೆ ಮರಳುವುದರಿಂದ ಬಟ್ಟೆ ಕುಗ್ಗುತ್ತದೆ. ಆದರೆ ಈಗಿನ ಡೆನಿಮ್‌ನ ಬಹುಪಾಲು ಕಾರ್ಖಾನೆಯಲ್ಲೇ ಸ್ಯಾನ್‌ಫರೈಸೇಷನ್ ಎಂಬ ಪ್ರಕ್ರಿಯೆಯಿಂದ ಮೊದಲೇ ಕುಗ್ಗಿಸಿದ ಬಟ್ಟೆಯಾಗಿರುತ್ತದೆ. ಉಳಿದ ಅಲ್ಪ ಕುಗ್ಗುವಿಕೆ ಸೊಂಟದಲ್ಲಷ್ಟೇ ಆಗಲಿ ಎಂದರೆ ಬಟ್ಟೆ ಕೇಳುವುದಿಲ್ಲ. ಕಾಲಿನ ಉದ್ದವೂ ಕಡಿಮೆಯಾಗುತ್ತದೆ, ಬಣ್ಣವೂ ಮಾಸುತ್ತದೆ, ಎಲಾಸ್ಟೇನ್ ಇದ್ದರೆ ಅದರ ಹಿಗ್ಗುವ ಗುಣ ಹಾಳಾಗುತ್ತದೆ. ಸೊಂಟವಂತೂ ಧರಿಸಿದ ಕೆಲವೇ ಗಂಟೆಗಳಲ್ಲಿ ಮತ್ತೆ ಹಿಗ್ಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಬಿಚ್ಚುವ ಬದಲು ಗುಂಡಿಯನ್ನು ಸ್ವಲ್ಪ ಒಳಕ್ಕೆ ಸರಿಸಿದರೆ ಸಾಲದೇ?

ಉತ್ತರ: ಒಂದೂವರೆ, ಹೆಚ್ಚೆಂದರೆ 2 ಸೆಂ.ಮೀ. ಸಡಿಲಕ್ಕೆ ಸಾಕು. ಹೊಲಿಗೆಯಿಲ್ಲದೆ ಪಿನ್ನಿನಂತೆ ಚುಚ್ಚಿ ತಿರುಗಿಸುವ ಜೀನ್ಸ್ ಗುಂಡಿಗಳು ಸಿಗುತ್ತವೆ, ಹಳೆಯ ಗುಂಡಿಯನ್ನು ಕೀಳಬೇಕಾಗಿಯೂ ಇಲ್ಲ. ಅದಕ್ಕಿಂತ ಹೆಚ್ಚು ಸರಿಸಿದರೆ ಜಿಪ್‌ನ ಮೇಲ್ಭಾಗ ಓರೆಯಾಗಿ ಎಳೆದುಕೊಂಡು ಮುಂಭಾಗ ಸುಕ್ಕುಗಟ್ಟುತ್ತದೆ. ಅಷ್ಟಾದರೂ ಹಿಂದಿನ ಸಂದು ಪೂರ್ತಿ ಮುಚ್ಚುವುದಿಲ್ಲ, ಏಕೆಂದರೆ ಸಡಿಲವಿರುವುದು ಅಲ್ಲಿ, ನೀವು ಎಳೆಯುತ್ತಿರುವುದು ಇಲ್ಲಿ. ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ 1873ರಲ್ಲಿ ರಿವೆಟ್ ಹಾಕಿದ ಪ್ಯಾಂಟಿಗೆ ಪೇಟೆಂಟ್ ಪಡೆದ ಕಾಲದಲ್ಲಿ ಜೀನ್ಸ್‌ಗೆ ಬೆಲ್ಟ್ ಲೂಪುಗಳೇ ಇರಲಿಲ್ಲ, ಅವರ ಪ್ಯಾಂಟುಗಳಿಗೆ ಲೂಪು ಬಂದದ್ದು 1922ರಲ್ಲಿ. ಅದಕ್ಕೂ ಮೊದಲು ಸೊಂಟವನ್ನು ಬಿಗಿಯುತ್ತಿದ್ದುದು ಹಿಂಬದಿಯಲ್ಲಿ ಬಕಲ್ ಇದ್ದ ಒಂದು ಗಿಡ್ಡ ಪಟ್ಟಿ. ನಿಮಗೆ ಬಿಚ್ಚುವ ಕೆಲಸ ಬೇಡವಾಗಿದ್ದರೆ ಅದನ್ನೇ ಅನುಸರಿಸಬಹುದು: ಹಳೆಯ ಜೀನ್ಸ್‌ನ ಬಟ್ಟೆಯಿಂದ ಎರಡು ಗಿಡ್ಡ ಪಟ್ಟಿಗಳನ್ನು ಮಾಡಿ, ಸೊಂಟಪಟ್ಟಿಯ ಕೆಳಗೆ ಯೋಕ್‌ನ ಎರಡು ಕಡೆ ಗಟ್ಟಿಯಾಗಿ ಹೊಲಿದು, ಒಂದರ ತುದಿಗೆ ಜಾರುವ ಬಕಲ್ ಸೇರಿಸಿ. ಬಕಲ್‌ಗೆ ಮುಳ್ಳು ಇರದಂತೆ ನೋಡಿಕೊಳ್ಳಿ, ಇಲ್ಲವಾದರೆ ಕುಳಿತ ಸೋಫಾದ ಬಟ್ಟೆ ಹರಿದೀತು.