ಕ್ಯಾಂಪರ್ ಟ್ರೇಲರ್‌ನ ಗೋಡೆ ಪ್ಯಾನೆಲ್ ಹಿಂದೆ ಹೊಸ ವೈರ್ ಎಳೆಯುವುದು ಹೇಗೆ?

ಕ್ಯಾಂಪರ್ ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಅದರ ಮುಂಭಾಗದ ಬ್ಯಾಟರಿಯಿಂದ ಹಿಂಬದಿಯ 12 ವೋಲ್ಟ್ ಫ್ರಿಜ್‌ವರೆಗೆ, ಹೊರಗೆ ಎಲ್ಲಿಯೂ ಕಾಣದಂತೆ ವೈರ್ ಒಯ್ಯಬೇಕು ಎಂದು ಕೇಳಿದ್ದೀರಿ. ಅಮೆರಿಕದ ಓಹಾಯೋದಲ್ಲಿ ಹಳೆಯ ಟ್ರೇಲರ್ ಒಂದನ್ನು ಕೊಂಡಾಗ ನಾನೂ ಇದೇ ಹಟ ಹಿಡಿದಿದ್ದೆ.

ಇಂಥ ಹಳೆಯ ಟ್ರೇಲರ್‌ಗಳ ಒಳಗೋಡೆ ಎಂದರೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಪ್ಲೈವುಡ್; ಅದನ್ನು ತೆಳುವಾದ ಮರದ ಚೌಕಟ್ಟಿಗೆ ಸ್ಟೇಪಲ್ ಹೊಡೆದು ಕೂರಿಸಿರುತ್ತಾರೆ. ಅಂಚಿನ ಪಟ್ಟಿಗಳನ್ನು ಕಿತ್ತು, ಪೇಂಟರುಗಳು ಬಳಸುವ ಅಗಲವಾದ ಪುಟ್ಟಿ ಬ್ಲೇಡನ್ನು ಸಂದಿಗೆ ತೂರಿಸಿ ಮೆಲ್ಲಗೆ ಮೀಟಿದರೆ ಪ್ಯಾನೆಲ್ ಬಿಟ್ಟುಕೊಳ್ಳುತ್ತದೆ. ನಾನು ಗ್ಲಾಸ್‌ವುಲ್ ಸರಿಸಿ, ಅಡ್ಡಮರಗಳಿಗೆ ತೂತು ಕೊರೆದು, 10 ಗೇಜಿನ (ಗೇಜ್ ಸಂಖ್ಯೆ ಇಳಿದಷ್ಟೂ ವೈರ್ ದಪ್ಪ) ವೈರನ್ನು ಚಕ್ರದ ಮೇಲಿನ ತಗಡಿನ ಕಮಾನಿನ ಮೇಲೆ ಹಾಯಿಸಿ ಹಿಂದಕ್ಕೆ ಒಯ್ದೆ. ಪ್ಯಾನೆಲ್ ಮತ್ತೆ ಮುಚ್ಚಿದ ಮೇಲೆ ಕೆಲಸ ಅಂದವಾಗಿಯೇ ಕಂಡಿತು.

ಎಡವಿದ್ದು ಫ್ಯೂಸಿನಲ್ಲಿ. ಸುಟ್ಟರೆ ಬದಲಾಯಿಸಲು ಕೈಗೆ ಸಿಗಲಿ ಎಂದು ಅದನ್ನು ಫ್ರಿಜ್ ಪಕ್ಕದಲ್ಲಿ ಹಾಕಿದ್ದೆ. ಫ್ಯೂಸ್ ಇರುವುದು ಫ್ರಿಜ್ಜನ್ನು ಕಾಪಾಡುವುದಕ್ಕೆ ಎಂದು ನಾನು ತಿಳಿದಿದ್ದೆ. ಅದು ಕಾಪಾಡಬೇಕಾದದ್ದು ವೈರನ್ನು. ಫ್ಯೂಸ್ ದಾಟಿ ಹೋಗುವ ಕರೆಂಟ್ ಮಾತ್ರ ಅದರ ಲೆಕ್ಕಕ್ಕೆ ಸಿಗುತ್ತದೆ, ಆದ್ದರಿಂದ ಬ್ಯಾಟರಿಗೂ ಫ್ಯೂಸಿಗೂ ನಡುವಿನ ಅಷ್ಟೂ ಉದ್ದದ ವೈರಿಗೆ ಯಾವ ರಕ್ಷಣೆಯೂ ಇರಲಿಲ್ಲ. ದಾರಿಯ ಕುಲುಕಾಟಕ್ಕೆ ಕಮಾನಿನ ತಗಡಿನ ಅಂಚು ವೈರಿನ ಹೊದಿಕೆಯನ್ನು ಉಜ್ಜಿ ಉಜ್ಜಿ ತಾಮ್ರ ಮುಟ್ಟಿತು. ಆ ತಗಡು ಚಾಸಿಗೆ (ಗಾಡಿಯ ಅಡಿಯ ಲೋಹದ ಚೌಕಟ್ಟಿಗೆ), ಚಾಸಿ ಬ್ಯಾಟರಿಯ ನೆಗೆಟಿವ್‌ಗೆ ಸೇರಿಕೊಂಡಿರುತ್ತದೆ. ಹನ್ನೆರಡು ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದಾಗ ಲೆಡ್ ಆಸಿಡ್ ಬ್ಯಾಟರಿ ನೂರಾರು ಆಂಪಿಯರ್ ದೂಡಬಲ್ಲದು, ಮತ್ತು 30 ಆಂಪಿಯರ್ ಫ್ಯೂಸಿಗೆ ಸರಿಹೊಂದುವ ವೈರ್ ಅಷ್ಟನ್ನು ಹೊತ್ತರೆ ಹೀಟರ್ ಕಾಯಿಲ್ ಆಗುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ನಾನು ಓಡಿ ಬ್ಯಾಟರಿ ಕೇಬಲ್ ಕೀಳುವಷ್ಟರಲ್ಲಿ ಪ್ಯಾನೆಲ್ ಮೇಲೆ ಕಂದು ಗೆರೆಯೊಂದು ಮೂಡಿ, ವೈರ್ ಒಳಗೆ ಎಲ್ಲೆಲ್ಲಿ ಹಾದಿತ್ತು ಎಂಬುದನ್ನು ಹೊರಗಿನಿಂದಲೇ ತೋರಿಸುತ್ತಿತ್ತು. ಫ್ರಿಜ್ ಪಕ್ಕದ ಫ್ಯೂಸ್ ಮಾತ್ರ ಹೊಸದರಂತೆಯೇ ಇತ್ತು. ಆ ಬದಿಯ ಗೋಡೆಯನ್ನು ಚೌಕಟ್ಟಿನ ಸಮೇತ ಬದಲಾಯಿಸಬೇಕಾಯಿತು. ಅದಕ್ಕೆ ತೆತ್ತ ಹಣದಲ್ಲಿ ಇನ್ನೊಂದು ಫ್ರಿಜ್ ಬರುತ್ತಿತ್ತು. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 551ನೆಯ ವಿಧಿಯು ಇಂಥ ವಾಹನಗಳಲ್ಲಿ ಫ್ಯೂಸನ್ನು ಬ್ಯಾಟರಿ ಸಂಪರ್ಕದಿಂದ 18 ಇಂಚಿನೊಳಗೆ ಇಡಬೇಕೆನ್ನುತ್ತದೆ. ನಾನು ಅದನ್ನು ಓದಿದ್ದು ಆಮೇಲೆ.

ಆದ್ದರಿಂದ ನೀವು ಕೇಳಿದ್ದಕ್ಕೆ ನೇರ ಉತ್ತರವೆಂದರೆ, ಪ್ಯಾನೆಲ್ ಹಿಂದೆ ಎಳೆಯಲೇಬೇಡಿ. ಕಾಣದ ವೈರ್ ಸವೆದದ್ದೂ ಕಾಣುವುದಿಲ್ಲ. ಆಸನದ ಪೆಟ್ಟಿಗೆಗಳ ಒಳಗೆ, ಕಪಾಟುಗಳ ಹಿಂಮೂಲೆಯಲ್ಲಿ ಫ್ಲೆಕ್ಸಿಬಲ್ ಪೈಪಿನೊಳಗೆ ಒಯ್ಯಿರಿ. ಬಯಲಾಗಿ ಉಳಿಯುವ ಎರಡು ಮೂರು ಅಡಿಗೆ ನಮ್ಮೂರಿನ ಮನೆಗಳಲ್ಲಿರುವಂಥ ಕೇಸಿಂಗ್ ಕ್ಯಾಪಿಂಗ್ ಹಾಕಿದರೆ ಯಾರೂ ತಪ್ಪು ಹುಡುಕುವುದಿಲ್ಲ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೋಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಇರಲಿ. ಮನೆಗೆ ಬಳಸುವ ಒಂಟಿ ಕಂಬಿಯ ವೈರ್ ಬೇಡ, ಎಳೆಗಳಿರುವ ತಾಮ್ರದ ವೈರೇ ಇರಲಿ. ಹೋಗಿಬರುವ ಉದ್ದ 40 ಅಡಿ ಇದ್ದರೆ 14 ಗೇಜಿನಲ್ಲಿ 10 ಆಂಪಿಯರಿಗೆ ಸುಮಾರು ಒಂದು ವೋಲ್ಟ್ ಸೋರಿಹೋಗಿ, ಬ್ಯಾಟರಿ ತುಸು ಇಳಿದೊಡನೆ ಫ್ರಿಜ್ ನಿಂತುಬಿಡಬಹುದು. 10 ಗೇಜಿನಲ್ಲಿ ಅದು 0.4 ವೋಲ್ಟಿಗೆ ಇಳಿಯುತ್ತದೆ.

ಬಣ್ಣವನ್ನು ನಂಬಬೇಡಿ. ಊರಿನಲ್ಲಿ ಕಪ್ಪು ಎಂದರೆ ನ್ಯೂಟ್ರಲ್, ಕಾರಿನಲ್ಲಿ ನೆಗೆಟಿವ್. ಇಲ್ಲಿನ 120 ವೋಲ್ಟ್ ಲೈನಿನಲ್ಲಿ ಕಪ್ಪೇ ಫೇಸ್, ಟ್ರೇಲರ್‌ನ 12 ವೋಲ್ಟಿನಲ್ಲಿಯೂ ಹಲವೆಡೆ ಕಪ್ಪು ಪಾಸಿಟಿವ್, ಬಿಳಿ ನೆಗೆಟಿವ್ ಆಗಿರುತ್ತದೆ. ಪ್ರತಿ ವೈರನ್ನೂ ಮೀಟರ್ ಹಿಡಿದು ನೋಡಿಯೇ ಮುಟ್ಟಿ.

ಇಷ್ಟಾದರೂ ಪ್ಯಾನೆಲ್ ಬಿಚ್ಚುವ ಆಸೆಯಿದ್ದರೆ ಮೊದಲು ಟ್ರೇಲರ್‌ನ ಹೊರಮೈ ನೋಡಿ. ಅದು ನುಣುಪಾದ ಫೈಬರ್‌ಗ್ಲಾಸ್ ಆಗಿದ್ದರೆ ಗೋಡೆ ಬಹುತೇಕ ಫೋಮ್ ತುಂಬಿ ಅಂಟಿಸಿದ ಒಂದೇ ಹಲಗೆ. ಬಿಚ್ಚುವುದಕ್ಕೆ ಪ್ಯಾನೆಲ್ ಇರುವುದಿಲ್ಲ, ವೈರ್ ತೂರಿಸುವುದಕ್ಕೆ ಪೊಳ್ಳೂ ಇರುವುದಿಲ್ಲ.