ನಿದ್ದೆಯಲ್ಲಿ ಎದೆಬಡಿತ 52ಕ್ಕೆ ಇಳಿದು, ಬೆಳಗಿನ ಜಾವ 80ಕ್ಕೆ ಏರುವುದು ಯಾಕೆ?

ಕೋಲಾರದಿಂದ ಕೇಳಿದ್ದೀರಿ: ವಾಚಿನಲ್ಲಿ ರಾತ್ರಿ ಹನ್ನೆರಡಕ್ಕೆ 52, ನಾಲ್ಕಕ್ಕೆ ಒಮ್ಮೆಲೇ 80, ಗಾಬರಿ ಪಡಬೇಕಾ ಅಂತ. ಸಾಮಾನ್ಯವಾಗಿ ಬೇಡ.

ಬಲ ಹೃತ್ಕರ್ಣದಲ್ಲಿ, ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ, ಬಡಿತ ಹುಟ್ಟಿಸುವ ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪಿದೆ. ಅದು ತನ್ನ ಪಾಡಿಗೆ ಬಿಟ್ಟರೆ ನಿಮಿಷಕ್ಕೆ 100ರ ಆಸುಪಾಸು ಮಿಡಿಯುತ್ತದೆ. ಅದಕ್ಕೆ ಬ್ರೇಕ್ ಹಾಕುವುದು ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ. ರಾತ್ರಿಯ ಮೊದಲ ಪಾಲಿನಲ್ಲಿ ಹೆಚ್ಚಿರುವ ಗಾಢನಿದ್ದೆಯಲ್ಲಿ ಈ ಬ್ರೇಕ್ ಬಿಗಿ. ಬಡಿತ ಇಳಿದು ಉಸಿರಿನ ಲಯ ಹಿಡಿಯುತ್ತದೆ: ಉಸಿರೆಳೆದಾಗ ತುಸು ಚುರುಕು, ಬಿಟ್ಟಾಗ ನಿಧಾನ. ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ. ಆಗ ಬ್ರೇಕ್ ಸಡಿಲ, ಬಡಿತ ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ಬಿಟ್ಟುಬಿಟ್ಟು ಕೆರಳುತ್ತವೆ. ಅದೇ ಆ ಜಿಗಿತ.

ಹತ್ತೂವರೆಗೆ ಎರಡು ಮುದ್ದೆ, ಬಸ್ಸಾರು ಹೊಡೆದು ಮಲಗಿದರೆ, ಅಥವಾ ಕುಡಿದಿದ್ದರೆ, ಮೊದಲ ಪಾಲಿನಲ್ಲೂ ಸರಿಯಾಗಿ ಇಳಿಯದು. ವಾಚಿನ ಪಟ್ಟಿ ಸಡಿಲವಿದ್ದರೆ ಅಂಕಿಯೇ ಸುಳ್ಳು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿ. ವಾಚು ತೋರಿಸುವ ನಿದ್ದೆಯ ಹಂತಗಳೂ ಅಂದಾಜೇ, ಮಿದುಳಿನ ಅಲೆ ಅದಕ್ಕೆಲ್ಲಿ ಕಾಣಬೇಕು?

ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಮಾತು ಬೇರೆ: ಕಟ್ಟಿದಾಗ ಬಡಿತ ಇಳಿದು, ಉಸಿರು ಮರಳಿದೊಡನೆ ನೆಗೆಯುತ್ತದೆ. ಜೊತೆಗೆ ಹಗಲು ತೂಕಡಿಕೆ ಇದ್ದರೆ, ಅಥವಾ ಎಚ್ಚರವಿದ್ದಾಗಲೇ ತಲೆಸುತ್ತು ಬಂದರೆ, ವೈದ್ಯರಿಗೆ ತೋರಿಸಿ.