ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತೋಟದ ಕಾಫಿಯನ್ನೇ ಹುರಿದು, ಪುಡಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಿದ್ದೇವೆ. ಮಂಜು, ಮಳೆ, ಕಾಫಿ ಹೂವಿನ ರೀಲ್‌ಗಳಿಗೆ ಲೈಕ್‌ಗಳ ಸುರಿಮಳೆ. ಆದರೆ ವಾರಕ್ಕೆ ಎರಡು ಪ್ಯಾಕೆಟ್ ಹೋದರೆ ಹೆಚ್ಚು. ದಿನಕ್ಕೊಂದು ರೀಲ್ ಹಾಕಬೇಕೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಬೇಡ. ಮಂಜು ನೋಡಿದವರಿಗೆ ಕೊಡಗಿಗೆ ಬರಬೇಕು ಅನಿಸುತ್ತದೆ, ಪುಡಿ ತರಿಸಬೇಕು ಅನಿಸುವುದಿಲ್ಲ. ನಿಮ್ಮ ರೀಲ್‌ಗಳಿಂದ ಲಾಭ ಆಗುತ್ತಿರುವುದು ಬಹುಶಃ ಪಕ್ಕದ ಹೋಂಸ್ಟೇಗೆ!

ಖಾತೆ ಬಿಸಿನೆಸ್ ಖಾತೆಯಾಗಿದ್ದರೆ ‘ಇನ್‌ಸೈಟ್ಸ್’ ಎಂಬ ಅಂಕಿಅಂಶದ ವಿಭಾಗ ತೆರೆಯಿರಿ. ಲೈಕ್ ಬಿಡಿ, ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಪ್ರೊಫೈಲ್‌ಗೆ ಬಂದರು, ಅವರಲ್ಲಿ ಎಷ್ಟು ಜನ ಲಿಂಕ್ ಒತ್ತಿದರು ಎಂದು ನೋಡಿ. ಪ್ರೊಫೈಲ್‌ವರೆಗೆ ಬಂದು ಲಿಂಕ್ ಒತ್ತದೆ ಹೋಗುತ್ತಿದ್ದರೆ ತೊಡಕು ಬಯೋದಲ್ಲಿ, ಅಂದರೆ ಪ್ರೊಫೈಲ್‌ನ ಪರಿಚಯದ ಸಾಲುಗಳಲ್ಲಿದೆ. ಅಲ್ಲಿ ‘ಪ್ರಕೃತಿಯ ಮಡಿಲಿನಿಂದ’ ಎಂಬಂಥ ಸಾಲು ತೆಗೆದು ಏನು ಮಾರುತ್ತೀರಿ, ಎಷ್ಟಕ್ಕೆ, ಎಲ್ಲಿಗೆಲ್ಲ ಕಳಿಸುತ್ತೀರಿ ಎಂದು ಬರೆಯಿರಿ. ಅದರ ಕೆಳಗೆ ವಾಟ್ಸಾಪ್ ಲಿಂಕ್. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ಟೂಲ್ಸ್ ವಿಭಾಗದಲ್ಲಿ ಆ ಲಿಂಕ್ ಸಿಗುತ್ತದೆ. ‘ನನಗೆ ಕಾಫಿ ಪುಡಿ ಬೇಕು’ ಎಂಬ ಸಂದೇಶವನ್ನೂ ಅದರಲ್ಲೇ ಮೊದಲೇ ತುಂಬಿಸಿಡಬಹುದು. ಗ್ರಾಹಕರು ಕಳಿಸುವ ಬಟನ್ ಒತ್ತಿದರೆ ಸಾಕು.

ಮೆಸೇಜ್ ಬಂದೂ ಆರ್ಡರ್ ಆಗದಿದ್ದರೆ ಬೆಲೆ, ಕೊರಿಯರ್ ಖರ್ಚು, ಇಲ್ಲವೇ ತಡವಾದ ಉತ್ತರ ಕಾರಣ. ‘ಬೆಲೆಗೆ ಡಿಎಂ (ಖಾಸಗಿ ಮೆಸೇಜ್) ಮಾಡಿ’ ಎನ್ನುವುದನ್ನು ಇವತ್ತೇ ನಿಲ್ಲಿಸಿ. ಬೆಲೆ ಮುಚ್ಚಿಟ್ಟರೆ ಜನ ದುಬಾರಿ ಎಂದೇ ಎಣಿಸುತ್ತಾರೆ. ಕೊರಿಯರ್ ಸೇರಿಸಿ ಒಂದೇ ಬೆಲೆ ಹೇಳಿ. ಇಲ್ಲೊಂದು ಸಣ್ಣ ಲೆಕ್ಕವಿದೆ. ಸ್ಪೀಡ್ ಪೋಸ್ಟ್ ದರ ತೂಕದ ಹಂತದ ಮೇಲೆ ನಿಂತಿದೆ. 250 ಗ್ರಾಂ ಪುಡಿಗೆ ಕವರಿನ ತೂಕ ಸೇರಿದ ಕೂಡಲೇ ಅದು 500 ಗ್ರಾಂವರೆಗಿನ ಹಂತಕ್ಕೆ ಜಾರುತ್ತದೆ. ಆ ಹಂತದ ದುಡ್ಡು ಹೇಗೂ ಕೊಡಬೇಕು ಎಂದಮೇಲೆ 200 ಗ್ರಾಂನ ಎರಡು ಪ್ಯಾಕೆಟ್‌ಗಳ ಜೋಡಿ ಮಾಡಿ. ಕವರ್ ಸೇರಿಯೂ 500ರೊಳಗೆ ಉಳಿಯುತ್ತದೆ.

ಇನ್ನು ರೀಲ್. ಪುಡಿಯನ್ನೇ ತೋರಿಸಿ: ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಹುರಿದ ದಿನಾಂಕ ಯಾವುದು, ಫಿಲ್ಟರ್‌ಗೆ ಎಷ್ಟು ಹಾಕಬೇಕು. ‘20 ಗ್ರಾಂ ಪುಡಿ, 100 ಎಂಎಲ್ ಕುದಿ ನೀರು, ಎರಡು ಲೋಟಕ್ಕೆ ಸಾಕಾಗುವ ಡಿಕಾಕ್ಷನ್’ ಎಂಬ ಒಂದು ರೀಲನ್ನು ಜನ ಸೇವ್ ಮಾಡಿಕೊಳ್ಳುತ್ತಾರೆ. ಮಂಜಿನ ರೀಲನ್ನು ನೋಡಿ ಮುಂದೆ ಹೋಗುತ್ತಾರೆ. ವಿಷಯ ಮೊದಲ ಮೂರು ಸೆಕೆಂಡಿನಲ್ಲೇ ಬರಲಿ. ಪರದೆಯ ಅಕ್ಷರ ನಡುಭಾಗದಲ್ಲಿರಲಿ, ಕೆಳಗೆ ಹಾಕಿದರೆ ಖಾತೆಯ ಹೆಸರು, ಕ್ಯಾಪ್ಷನ್ ಅದನ್ನು ಮುಚ್ಚುತ್ತವೆ. ಬಿಸಿನೆಸ್ ಖಾತೆಗಳಿಗೆ ಸಿನಿಮಾ ಹಾಡುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಬೇರೆ ಕಡೆ ಹಾಡು ಅಂಟಿಸಿ ತಂದರೆ ರೀಲ್ ಮೂಕವಾಗುವ ಸಾಧ್ಯತೆ ಇದೆ. ಹುರಿಯುವ ಸದ್ದು, ನಿಮ್ಮ ದನಿ ಸಾಕು.

ಚಿಕೋರಿ ಬೆರೆಸಿದ್ದರೆ ಶೇಕಡಾವಾರು ಪ್ರಮಾಣವನ್ನು ಲೇಬಲ್ ಮೇಲೆ ನಮೂದಿಸಲೇಬೇಕು, ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆಯೂ ಇರಬೇಕು. ಹುರಿದ ಪುಡಿಯನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಆನ್‌ಲೈನ್‌ಗೆ ಇಳಿದ ಮೊದಲ ವಾರವೇ ಚೆನ್ನೈಯಿಂದ ಆರ್ಡರ್ ಬರಬಹುದು, ಆದ್ದರಿಂದ ಆಡಿಟರ್‌ ಬಳಿ ಮೊದಲೇ ಮಾತಾಡಿ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದು ನಿಮಗೆ ಹೊಸದಲ್ಲ. ಕೊಯ್ಲು, ಕಣದಲ್ಲಿ ಒಣಗಿಸುವುದು, ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆ, ಇವನ್ನೆಲ್ಲ ಆಯಾ ಕಾಲದಲ್ಲಿ ಚಿತ್ರೀಕರಿಸಿಟ್ಟು, ಜೂನ್‌ಗೆ ಮೊದಲೇ ರೀಲ್ ಸಿದ್ಧಮಾಡಿಕೊಳ್ಳಿ. ನೆಟ್‌ವರ್ಕ್ ಸಿಕ್ಕಾಗ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಮುಂದಿನ ಕೆಲವು ವಾರಗಳಿಗೆ ದಿನಾಂಕ ಕೊಟ್ಟು ಶೆಡ್ಯೂಲ್ ಮಾಡಿದರೆ ಆ ದಿನ ತಾನಾಗಿಯೇ ಪ್ರಕಟವಾಗುತ್ತದೆ. ವಾರಕ್ಕೆರಡು ಧಾರಾಳ.

ಪ್ರಶ್ನೆ: ಮನೆಯಲ್ಲೇ ಕಾಚಂಪುಳಿ (ಕೊಡಗಿನ ಅಡುಗೆಗೆ ಬಳಸುವ ಹುಳಿ ರಸ), ಜೇನು, ಕಾಳುಮೆಣಸು ಮಾರುತ್ತೇನೆ. ಫೇಸ್‌ಬುಕ್, ಇನ್‌ಸ್ಟಾ, ಯೂಟ್ಯೂಬ್ ಎಲ್ಲ ಕಡೆ ಇರಬೇಕೇ?
– ಓದುಗರು, ಪೊನ್ನಂಪೇಟೆ

ಉತ್ತರ: ವಾಟ್ಸಾಪ್ ಬಿಸಿನೆಸ್ ಒಂದೇ ಸಾಕು. ಕಾಚಂಪುಳಿ ಗೊತ್ತಿದ್ದವರೇ ಕೊಳ್ಳುವ ವಸ್ತು. ಗೊತ್ತಿದ್ದವರು ಬೆಂಗಳೂರು, ಮೈಸೂರಿನಲ್ಲಿರುವ ನಿಮ್ಮವರೇ. ಕ್ಯಾಟಲಾಗ್‌ನಲ್ಲಿ ಫೋಟೊ, ಅಳತೆ, ಬೆಲೆ ಹಾಕಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರತಿ ಪಾರ್ಸೆಲ್‌ನಲ್ಲೂ ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಜೇನು ಬಂದಾಗ ತಿಳಿಸುತ್ತೇವೆ’ ಎಂಬ ಚೀಟಿ ಇಡಿ. ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ. ಹಲವರು ಬ್ಲಾಕ್, ರಿಪೋರ್ಟ್ ಮಾಡಿದರೆ ನಂಬರಿಗೇ ಕುತ್ತು.

ಪ್ರಶ್ನೆ: ಗೂಗಲ್ ಮ್ಯಾಪ್ ನಮ್ಮ ಹೋಂಸ್ಟೇ ಅತಿಥಿಗಳನ್ನು ಬೇರೆಯವರ ತೋಟದ ಗೇಟಿಗೆ ಕರೆದೊಯ್ಯುತ್ತಿದೆ. ಆ ಸಿಟ್ಟಿಗೆ ಒಂದು ಸ್ಟಾರ್ ಕೊಡುತ್ತಾರೆ.
– ಓದುಗರು, ಕಕ್ಕಬೆ

ಉತ್ತರ: ಹೋಂಸ್ಟೇಗೆ ಇನ್‌ಸ್ಟಾಗ್ರಾಂಗಿಂತ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ವ್ಯಾಪಾರದ ಪುಟ) ಮುಖ್ಯ, ಆದ್ದರಿಂದ ಇದನ್ನು ಮೊದಲು ಸರಿಮಾಡಿ. ಪ್ರೊಫೈಲ್ ಎಡಿಟ್‌ನಲ್ಲಿ ಲೊಕೇಶನ್ ತೆರೆದು, ಸ್ಯಾಟಲೈಟ್ ನೋಟಕ್ಕೆ ಬದಲಿಸಿ, ಪಿನ್ನನ್ನು ಮನೆಯ ಮಾಡಿನ ಮೇಲಲ್ಲ, ಕಾರು ಒಳಬರುವ ಗೇಟಿನ ಮೇಲೆ ಇಡಿ. ಮ್ಯಾಪ್ ಪಿನ್ನಿಗೆ ಹತ್ತಿರದ ರಸ್ತೆ ಹುಡುಕುತ್ತದೆ. ಮನೆಯ ಹಿಂದೆ ಪಕ್ಕದ ತೋಟದ ದಾರಿ ಇದ್ದರೆ ಅಲ್ಲಿಗೇ ಕಳಿಸುವುದು ಅದಕ್ಕೇ. ಪಿನ್ ಬದಲಿಸಿದ ಮೇಲೆ ಮತ್ತೆ ವಿಡಿಯೊ ದೃಢೀಕರಣ ಕೇಳಬಹುದು: ರಸ್ತೆ, ಬೋರ್ಡು, ನೀವು ಬೀಗ ತೆಗೆಯುವುದು, ಎಲ್ಲವೂ ಕತ್ತರಿಸದ ಒಂದೇ ವಿಡಿಯೊದಲ್ಲಿರಬೇಕು. ಹೆಸರು ಬೋರ್ಡಿನಲ್ಲಿದ್ದಂತೆಯೇ ಇರಲಿ; ‘ಬೆಸ್ಟ್ ಹೋಂಸ್ಟೇ ಇನ್ ಕೂರ್ಗ್’ ಎಂದು ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು.

ಪೇಟೆ ದಾಟಿದರೆ ಸಿಗ್ನಲ್ ಹೋಗುತ್ತದೆ. ಹಿಂದಿನ ದಿನವೇ ಲೊಕೇಶನ್ ಕಳಿಸಿ, ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಲು ಹೇಳಿ, ಕೊನೆಯ ತಿರುವುಗಳನ್ನು ಮಾತಿನಲ್ಲೂ ಬರೆದು ಕೊಡಿ. ರಿಯಾಯಿತಿ ಕೊಟ್ಟು ಒಳ್ಳೆಯ ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಆ ಒಂದು ಸ್ಟಾರ್‌ಗೆ ‘ಪಿನ್ ಸರಿಪಡಿಸಿದ್ದೇವೆ’ ಎಂದು ಎರಡು ಸಾಲಿನ ಉತ್ತರ ಬರೆದು ಬಿಟ್ಟುಬಿಡಿ. ಜಗಳವನ್ನು ಓದುವವರು ಮುಂದಿನ ಅತಿಥಿಗಳು.

ಪ್ರಶ್ನೆ: ಇನ್‌ಸ್ಟಾಗ್ರಾಂ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ‘ಬೂಸ್ಟ್‌’ ಜಾಹೀರಾತಿಗೆ 2,000 ರೂಪಾಯಿ ಹಾಕಿದೆ. ಫಾಲೋವರ್ಸ್ ಬಂದರು, ವ್ಯಾಪಾರ ಬರಲಿಲ್ಲ.
– ಓದುಗರು, ವಿರಾಜಪೇಟೆ

ಉತ್ತರ: ಗುರಿಯ ಜಾಗದಲ್ಲಿ ‘ಪ್ರೊಫೈಲ್ ಭೇಟಿ’ ಆಯ್ದಿರಬೇಕು, ಕೇಳಿದ್ದನ್ನೇ ಕೊಟ್ಟಿದೆ. ‘ಮೆಸೇಜ್’ ಆರಿಸಿ. ಊರು ಇಡೀ ಭಾರತವಲ್ಲ, ಬೆಂಗಳೂರು, ಮೈಸೂರು, ಮಂಗಳೂರು ಸಾಕು. ಈಗಾಗಲೇ ಆರ್ಡರ್ ತಂದ ಪೋಸ್ಟನ್ನೇ ಐದಾರು ದಿನ ಓಡಿಸಿ, ನಡುವೆ ಕೈಹಾಕಬೇಡಿ. ಖರ್ಚನ್ನು ಆರ್ಡರ್‌ಗಳಿಂದ ಭಾಗಿಸಿ. ಒಂದು ಆರ್ಡರ್‌ಗೆ 150 ರೂಪಾಯಿ ಬಿದ್ದು, ಜಾಹೀರಾತಿನ ಖರ್ಚು ಕಳೆಯುವ ಮೊದಲಿನ ಲಾಭ 120 ಆದರೆ, ಗ್ರಾಹಕರು ಮತ್ತೆ ಕೊಂಡರಷ್ಟೇ ಜಾಹೀರಾತು ಗಿಟ್ಟುತ್ತದೆ. ಜಾಹೀರಾತಿನ ಮೇಲಿನ ಶೇ 18 ಜಿಎಸ್‌ಟಿಯನ್ನೂ ಸೇರಿಸಿ ಎಣಿಸಿ.

ಪ್ರಶ್ನೆ: ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡವರು ಆರು ರೂಮ್ ಬುಕ್ ಮಾಡಿ, ಮುಂಗಡ ಕೊಡಲು ಕ್ಯೂಆರ್ ಕೋಡ್ ಕಳಿಸಿದ್ದಾರೆ. ಸ್ಕ್ಯಾನ್ ಮಾಡಬಹುದೇ?
– ಓದುಗರು, ಗೋಣಿಕೊಪ್ಪ

ಉತ್ತರ: ಖಂಡಿತ ಬೇಡ. ಹಣ ಪಡೆಯಲು ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಕೊಡಗು ಯೋಧರ ಊರು ಎಂಬ ಅಭಿಮಾನದಿಂದ ನಾವು ಬೇಗ ನಂಬುತ್ತೇವೆ ಎಂಬುದು ಇವರಿಗೂ ಗೊತ್ತು. ನಿಮ್ಮ ಯುಪಿಐ ಐಡಿ ಕಳಿಸಿ ಸುಮ್ಮನಿರಿ, ನಿಜವಾದ ಅತಿಥಿ ಹಾಕುತ್ತಾರೆ. ‘ನಿಮ್ಮ ಪೇಜ್ ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, ಲಿಂಕ್ ಒತ್ತಿ’ ಎಂಬ ಮೆಸೇಜೂ ಇದೇ ಜಾತಿಯದು. ಖಾತೆಗೆ ಎರಡು ಹಂತದ ದೃಢೀಕರಣ ಇವತ್ತೇ ಆನ್ ಮಾಡಿ. ಹಣ ಹೋಗಿಬಿಟ್ಟಿದ್ದರೆ ನಾಳೆ ಠಾಣೆಗೆ ಹೋದರಾಯಿತು ಎಂದು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಆ ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ತಡೆಹಿಡಿಸುವ ಅವಕಾಶ ಇರುವುದು ಆಗಲೇ.